ಮಯತ ಹುಳದ ಉಸಿರಾಟ

ಸರಕಾರದ ಆಶ್ರಯದಲ್ಲಿದ್ದು ಸರಕಾರದ ಕೆಲಸ ಮಾಡದ ಪ್ರತಿಯೊಂದು ಜೀವವೂ ವರ್ಷಕ್ಕೆ ಎರಡು ಸಲ, ಜನೇವರಿಯಲ್ಲಿ ಒಮ್ಮೆ ಮತ್ತು ಜುಲೈಯಲ್ಲಿ ಒಮ್ಮೆ, ಹಯಾತಿ ಕಚೇರಿಗೆ ಖುದ್ದಾಗಿ ಹಾಜರಾಗಿ ತಾನು ಬದುಕಿದ್ದೇನೆಂದು ತೋರಿಸತಕ್ಕದ್ದು. ಈ ನಿಯಮದ ಪ್ರಕಾರ ೧೯೩೪ನೆಯ ಇಸವಿಯ ಜನೇವರಿ ಹದಿನೈದರಂದು ಹುಬ್ಬಳ್ಳಿ ಹತ್ತಿರದ ಬೆಂಗೇರಿಯ ಹಯಾತಿ ಕಚೇರಿಯಲ್ಲಿ ಹಾಜರಿರಬೇಕೆಂದು ಧಾರವಾಡದ ಇನ್ನೂರಾ ಹನ್ನೆರಡು ಹುಳಗಳಿಗೆ ನೋಟೀಸು ಬಂತು. ಅದಕ್ಕೆ ಆವಕ ನಂಬರ್ ನಾಲ್ಕುನೂರಾ ಹದಿನೆಂಟು ಹಾಕಿದವನು ನಾನೇ.

ನಗಬ್ಯಾಡ್ರಿ. ಅವತ್ತು ನಮ್ಮ ಕಚೇರಿಯಲ್ಲಿ ಯಾರೂ ನಗಲಿಲ್ಲ. ನೋಟೀಸಿನಲ್ಲಿ ತಾರೀಖು ಸರಿ ಇತ್ತು, ಶಿಕ್ಕೆಯ ಮುದ್ರೆ ಸರಿ ಇತ್ತು, ಹುಳಗಳ ಸಂಖ್ಯೆಯೂ ಸರಿ ಇತ್ತು. ಸರಿ ಇದ್ದ ಕಾಗದಕ್ಕೆ ನಗೋದು ನಮಗೆ ಯಾರೂ ಕಲಿಸಿರಲಿಲ್ಲ.

ನಮ್ಮ ಕಚೇರಿಯ ಪೂರ್ಣ ಹೆಸರು ‘ಕೀಟ ಚಯಾಪಚಯ ಸಂಶೋಧನಾ ಶಾಖೆ, ತಾತ್ಪೂರ್ತಿಕ’. ಊರ ಮಂದಿ ‘ಹುಳದ ಆಫೀಸು’ ಅಂತಿದ್ದರು. ತಾತ್ಪೂರ್ತಿಕ ಅಂದರೆ ತಾತ್ಕಾಲಿಕ; ಎಂಟು ವರ್ಷದಿಂದ ತಾತ್ಪೂರ್ತಿಕವಾಗಿಯೇ ನಡೆದಿತ್ತು. ಅಲ್ಲಿ ಮೂರು ಮಂದಿ. ಸಂಶೋಧಕರು ಹೊಳೆಯಪ್ಪ ಶಿರಗುಪ್ಪಿಯವರು, ಹೆಡ್ ಕ್ಲಾರ್ಕ್ ಬಾಳಕೃಷ್ಣಪಂತರು, ಮತ್ತು ಬಂದ ಕಾಗದಕ್ಕೆ ಆವಕ, ಹೋದ ಕಾಗದಕ್ಕೆ ಜಾವಕ ನಂಬರ್ ಹಾಕುವ ನಾನು, ಕಮರುದ್ದೀನ, ಗೋಪನಕೊಪ್ಪದವನು.

ಹೊಳೆಯಪ್ಪನವರು ಶಿರಗುಪ್ಪಿಯಲ್ಲಿ ಹತ್ತಿ ಬೆಳೆಯುವ ಮನೆತನದವರು. ಪುಣೆಯಲ್ಲಿ ಕಲಿತು ೧೯೨೬ರಲ್ಲಿ ನಮ್ಮ ಶಾಖೆಗೆ ಬಂದರು. ಹತ್ತಿಕಾಯಿಯೊಳಗೆ ಗುಲಾಬಿ ಬಣ್ಣದ ಒಂದು ಸಣ್ಣ ಹುಳ ಇರುತ್ತದಲ್ಲ, ಅಕ್ಕಿಕಾಳಿಗಿಂತ ತುಸು ದೊಡ್ಡದು, ಅದರ ಹಿಂದೆ ಬಿದ್ದವರು ಅವರು. ಆ ಹುಳ ಹೊಟ್ಟೆ ತುಂಬ ತಿಂದು, ಮೈಯಲ್ಲಿ ಕೊಬ್ಬು ತುಂಬಿಕೊಂಡು, ಎರಡು ಹತ್ತಿಕಾಳನ್ನು ನೂಲಿನಿಂದ ಜೋಡಿಸಿ ನಡುವೆ ಮಲಗಿಬಿಡುತ್ತದೆ. ಕೆಲವು ಬೇಗ ಏಳುತ್ತವೆ. ಕೆಲವು ಒಂದು ಬ್ಯಾಸಗಿ, ಎರಡು ಬ್ಯಾಸಗಿ ದಾಟಿದರೂ ಏಳುವುದಿಲ್ಲ. ಅನ್ನವಿಲ್ಲ, ನೀರಿಲ್ಲ. “ಮಂದಿ ಹುಳ ಕೊಲ್ಲಾಕ ಸಾಲಿ ಕಲೀತಾರ, ನಮ್ಮಂವ ಹುಳ ಮಲಗಸಾಕ ಕಲತು ಬಂದಾನ,” ಅಂತ ಅವರ ತಂದೆ ಸಂತಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದರಂತೆ.

ಚಯಾಪಚಯ ಅಂದರೆ ಏನು ಅಂತ ನಾನು ಒಮ್ಮೆ ಕೇಳಿದೆ. ಹೊಳೆಯಪ್ಪನವರು ಚಹಾದ ಬಸಿ ಕೆಳಗಿಟ್ಟರು.

“ನಿಮ್ಮವ್ವ ಒಲಿಯಾಗಿನ ಕೆಂಡಕ್ಕ ಬೂದಿ ಮುಚ್ಚತಾಳಿಲ್ಲೋ? ಮರುದಿನ ಊದಿದರ ಹತ್ತತೈತಿ. ಈ ಹುಳನೂ ಹಂಗಽ. ತನ್ನ ಕೊಬ್ಬಿನ ಮ್ಯಾಲ ಬೂದಿ ಮುಚ್ಚಿಕೊಂಡು ಮಲಗತೈತಿ. ಎಷ್ಟು ಸಣ್ಣಗ ಸುಡತೈತಿ, ಮೂರು ಬ್ಯಾಸಗಿ ಆ ಕೆಂಡ ಹ್ಯಾಂಗ ಆರದಂಗ ಉಳೀತೈತಿ, ಅಷ್ಟಽ ನನಗ ಬೇಕಾಗಿರೂದು. ಅದೊಂದು ತಿಳದರ ನನ್ನ ಜನ್ಮ ಸಾರ್ಥಕ ನೋಡು.”

“ಊದಿದರ ಏನಾಗತೈತ್ರಿ?”

“ಊದಬಾರದು. ನಡುವ ಎಬ್ಬಿಸಿದರ ಕೊಬ್ಬೆಲ್ಲಾ ಭಗ್ ಅಂತ ಸುಟ್ಟು ಹೋಗತೈತಿ. ತಿಂಗಳೊಪ್ಪತ್ತಿನಾಗ ಸಾಯತೈತಿ.”

ಈ ಮಾತು ನೆನಪಿನಲ್ಲಿಡ್ರಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಮಲಗಿದ ಹುಳದ ಉಸಿರು ಅಳೆಯುವ ಯಂತ್ರ ಬೇಕಾಗಿತ್ತು. ಖಾತೆಯ ಸಾಮಾನಿನ ಯಾದಿಯಲ್ಲಿ ಅಂಥ ಯಂತ್ರ ಇರಲಿಲ್ಲ. ‘ಗಾಳಿಯಿಂದ ನಡೆಯುವ ಸಾಮಾನುಗಳು’ ಎಂಬ ತಲೆಬರಹದ ಕೆಳಗೆ ಒಂದೇ ಒಂದು ಹೆಸರು ಇತ್ತು: ಹಾರ್ಮೋನಿಯಂ. ಬಾಳಕೃಷ್ಣಪಂತರು ಹಾರ್ಮೋನಿಯಂ ಎಂದೇ ಮಂಜೂರಿ ತರಿಸಿದರು. ತನಿಖೆಗೆ ಬಂದ ಅಧಿಕಾರಿ “ಇದನ್ನು ಯಾರು ಬಾರಿಸುತ್ತಾರೆ?” ಎಂದು ಕೇಳಿದ್ದರಿಂದ, ಆ ವಾರದಿಂದ ಕಚೇರಿಯಲ್ಲಿ ಪ್ರತಿ ಗುರುವಾರ ಭಜನೆ ಶುರುವಾಯಿತು. ಪಂತರು ಹಾಡುತ್ತಿದ್ದರು, ನಾನು ತಾಳ ಹಾಕುತ್ತಿದ್ದೆ, ಹೊಳೆಯಪ್ಪನವರು ಯಂತ್ರದ ಮುಂದೆ ಕೂತು ಹುಳ ನೋಡುತ್ತಿದ್ದರು. ತನಿಖೆ ಮುಗಿದು ಹೋದರೂ ಭಜನೆ ಮುಗಿಯಲಿಲ್ಲ.

ಆ ಯಂತ್ರ ಮಾಡಿದವರು ಹುಬ್ಬಳ್ಳಿಯ ಗುಲಾಬಸಾಬರು. ಸುತ್ತಲಿನ ಹಳ್ಳಿಗಳ ಭಜನಾ ಮಂಡಳಿಗಳ ಹಾರ್ಮೋನಿಯಂ ಎಲ್ಲ ಅವರ ಕೈಯಲ್ಲೇ ದುರಸ್ತಿ. “ಗಾಳಿಗಿಂತ ದೊಡ್ಡ ಕಳ್ಳ ಇಲ್ರಿ ಸಾಹೇಬ್ರ,” ಅನ್ನುತ್ತಿದ್ದರು. “ಕೂದಲೆಳಿ ಸಂದಿ ಸಿಕ್ಕರ ಸಾಕು, ಹೊಂಟು ಹೊಕ್ಕೈತಿ.” ಆರು ಯಂತ್ರ ಸೋರಿದವು. ಏಳನೆಯದು ಸೋರಲಿಲ್ಲ. ಅತ್ತರಿನ ಬಾಟಲಿಯಷ್ಟು ಒಂದು ಗಾಜಿನ ಬಾಟಲಿ. ಅದರೊಳಗೆ ಹುಳ ಮಲಗಿದ ಜೋಡಿಕಾಳು, ಪಕ್ಕದಲ್ಲಿ ಒಂದು ಚಿಟಿಕೆ ಸುಣ್ಣ. ಬಿರಡೆಯಿಂದ ಹೊರಗೆ ಅಡ್ಡಲಾಗಿ ಒಂದು ಸಣ್ಣ ಗಾಜಿನ ನಳಿಗೆ. ನಳಿಗೆಯೊಳಗೆ ಕೆಂಪು ಬಣ್ಣ ಬೆರೆಸಿದ ಒಂದು ಹನಿ ಎಣ್ಣೆ. ಹುಳ ಗಾಳಿ ಎಳೆದುಕೊಳ್ಳುತ್ತದೆ, ಅದು ಬಿಟ್ಟ ಉಸಿರನ್ನು ಸುಣ್ಣ ಕುಡಿಯುತ್ತದೆ, ಒಳಗಿನ ಗಾಳಿ ಕಡಿಮೆಯಾದಷ್ಟು ಹನಿ ಒಳಗೆ ಸರಿಯುತ್ತದೆ. ಎದ್ದ ಹುಳ ಇದ್ದರೆ ಒಂದು ತಾಸಿಗೆ ಬೆರಳುದ್ದ. ಮಲಗಿದ ಹುಳ ಇದ್ದರೆ ಬೆಳಗಿನಿಂದ ಸಂಜೆಗೆ ಒಂದು ಸಾಸಿವೆ ಕಾಳಿನಷ್ಟು.

ಹನಿ ಮೊದಲ ಸಲ ಸಾಸಿವೆಯಷ್ಟು ಸರಿದ ದಿನ ಹೊಳೆಯಪ್ಪನವರ ಕಣ್ಣು ಒದ್ದೆಯಾದವು. ಗುಲಾಬಸಾಬರು ಬಗ್ಗಿ ನೋಡಿ, “ಬಂತ್ರಿ ಸುರ,” ಅಂದರು.

೧೯೩೩ರ ಫೆಬ್ರುವರಿಯಲ್ಲಿ ಇನ್ನೂರಾ ಹನ್ನೆರಡು ಜೋಡಿಕಾಳುಗಳು ನಮ್ಮ ಕಪಾಟಿನಲ್ಲಿ ಮಲಗಿದವು. ಮೂರು ಬ್ಯಾಸಗಿ ಕಾಯಬೇಕಾಗಿತ್ತು. ಒಂದು ಬ್ಯಾಸಗಿ ಸುಸೂತ್ರ ಕಳೆಯಿತು. ದೀಪಾವಳಿ ಆದ ಮೇಲೆ ಬಾಳಕೃಷ್ಣಪಂತರು ಹೊಳೆಯಪ್ಪನವರನ್ನು ಕರೆದರು.

“ಹೋದ ವರ್ಷ ಈ ಹುಳಾ ದಿನಾ ಹತ್ತಿಕಾಯಿ ತಿಂತಿದ್ದವು. ಈ ವರ್ಷ ಒಂದು ಕಾಯಿನೂ ಬೇಡಿಲ್ಲ. ಯಾಕ್ರಿ?”

“ಮಲಗ್ಯಾವ್ರಿ ಪಂತರ.”

“ಕೆಲಸ ಏನು ಮಾಡತಾವ?”

“ಮಲಗೂದಽ ಅವುಗಳ ಕೆಲಸರಿ.”

ಪಂತರು ಕೆಟ್ಟವರಲ್ಲ, ಈ ಮಾತು ಮೊದಲೇ ಹೇಳಿಬಿಡುತ್ತೇನೆ. ಬಳಕೆ ಇಲ್ಲದೆ ಕಪಾಟಿನಲ್ಲಿ ಬಿದ್ದ ಸಾಮಾನನ್ನು ಹರಾಜು ಹಾಕತಕ್ಕದ್ದು ಎಂದು ಕಲಮು ಇತ್ತು. ಆ ಹುಳಗಳನ್ನು ಹರಾಜಿನಿಂದ ಉಳಿಸಬೇಕೆಂದು ಅವರು ಎರಡು ದಿನ ನಿಯಮದ ಪುಸ್ತಕ ತಿರುವಿಹಾಕಿದ್ದರು.

“ನೋಡ್ರಿ ಹೊಳೆಯಪ್ಪನವರ. ಮದಲು ದುಡದಾವ, ಖರೆ. ಈಗ ದುಡಿಯೂದಿಲ್ಲ. ಆದರೂ ಸರಕಾರದ ನೆರಳಾಗ ಅವ. ಅಂಥವರಿಗೆ ಪಿಂಚಣಿದಾರರು ಅನ್ನದ ಮತ್ತೇನು ಅನ್ನಬೇಕು? ಹರಾಜಿಗಿಂತ ಪಿಂಚಣಿ ಮರ್ಯಾದಿ.”

ಹೊಳೆಯಪ್ಪನವರು ಒಪ್ಪಿದರು. ಹರಾಜು ತಪ್ಪಿತಲ್ಲ ಅಂತ ಪಂತರಿಗೆ ಕೈ ಮುಗಿದರು ಕೂಡ. ಪಿಂಚಣಿದಾರರೆಂದ ಮೇಲೆ ಹಯಾತಿ ದಾಖಲೆ ಬೇಕಾಗುತ್ತದೆ ಎಂಬುದು ಆ ಬಡಪಾಯಿಗೆ ಹೊಳೆಯಲಿಲ್ಲ. ಡಿಸೆಂಬರಿನಲ್ಲಿ ನೋಟೀಸು ಬಂದಾಗ ಮುಖ ಸುಣ್ಣದಂತಾಯಿತು.

ಜನೇವರಿ ಹದಿನೈದಕ್ಕೆ ಹೊಳೆಯಪ್ಪನವರು, ನಾನು, ಹುಳಗಳು ಧಾರವಾಡದಲ್ಲಿ ರೈಲು ಹತ್ತಿದೆವು. ಹಂಜಿ ಹಾಸಿದ ಡಬ್ಬಿ ಅವರ ತೊಡೆಯ ಮೇಲೆ. ಕುಲುಕಬಾರದೆಂದು ಅವರು ಉಸಿರನ್ನೂ ಸಣ್ಣಗೆ ಬಿಡುತ್ತಿದ್ದರು. ಎದುರಿಗೆ ಕೂತ ಯಜಮಾನರು ಡಬ್ಬಿ ನೋಡಿ, “ಫೇಡೆ ಏನ್ರಿ?” ಅಂದರು.

“ಅಲ್ರಿ. ಹುಳ.”

“ಅಯ್ಯ ಪಾಪ, ಫೇಡೆಕ್ಕ ಹುಳ ಹಿಡದಾವೇನು? ಯಾವ ಅಂಗಡಿದವರ್ರಿ?”

“ಫೇಡೆ ಇಲ್ಲರಿ. ಬರೇ ಹುಳ.”

ಯಜಮಾನರು ಮತ್ತೊಮ್ಮೆ ಡಬ್ಬಿ ನೋಡಿ, “ಹಂಗಾದರ ನಿಮಗ ಪೂರಾ ಮೋಸ ಆಗೇತಿ,” ಅಂದರು.

ಹಯಾತಿ ಕಚೇರಿ ಬೆಂಗೇರಿಯಲ್ಲಿ, ಹತ್ತಿ ಬಿಡಿಸುವ ಒಂದು ಹಳೆಯ ಜಿನ್ನಿಂಗ್ ಶೆಡ್ಡಿನಲ್ಲಿ. ಹೊರಗೆ ಪಾಳಿ ಹಚ್ಚಿದ ಮುದುಕರು, ಮುದುಕಿಯರು. ನಮ್ಮ ಮುಂದೆ ಶಿರಗುಪ್ಪಿಯ ಫಕೀರವ್ವ ನಿಂತಿದ್ದಳು. ಸಿಪಾಯಿಯಾಗಿದ್ದ ಗುಡ್ಡಪ್ಪನ ಹೆಂಡತಿ. ಗಂಡ ಹೋದ ಮೇಲೆ ಅರ್ಧ ಪಿಂಚಣಿ ಇವಳಿಗೆ ಬರಬೇಕು. ಹಿಂದಿನ ವರ್ಷ ಊರಿನಿಂದ ನಡೆದು ಬಂದು, ದಣಿದು, ಕಂಬಕ್ಕೆ ಆತು ನಿದ್ದೆ ಹೋಗಿದ್ದಳಂತೆ. ಮೂರು ಸಲ ಹೆಸರು ಕರೆದರೂ ಓಗೊಡಲಿಲ್ಲ. ನಿಯಮದ ಪ್ರಕಾರ ‘ಮಯತ’, ಅಂದರೆ ಸತ್ತವಳು, ಎಂದು ಬರೆದರು. ಅಂದಿನಿಂದ ಪ್ರತಿ ಆರು ತಿಂಗಳಿಗೆ ಬರುತ್ತಾಳೆ. ಮಯತರು ಖುದ್ದಾಗಿ ಹಾಜರಾಗತಕ್ಕದ್ದಲ್ಲ ಎಂಬ ಇನ್ನೊಂದು ಕಲಮು ಇರುವುದರಿಂದ ಪ್ರತಿ ಸಲ ತಿರುಗಿ ಹೋಗುತ್ತಾಳೆ.

“ನೀನು ಶಿರಗುಪ್ಪ್ಯಾಗಿನ ಹತ್ತಿ ಹೊಲದವರ ಹುಡುಗ ಅಲ್ಲೇನೋ ಯಪ್ಪಾ? ನಿನಗೇನು ಬ್ಯಾನಿ ಆತು, ಇಲ್ಲಿ ಬಂದಿ?”

“ನನಗಲ್ಲಬೇ. ಹುಳಕ್ಕ ಪಿಂಚಣಿ ಐತಿ.”

ಫಕೀರವ್ವ ಡಬ್ಬಿಯೊಳಗೆ ಹಣಿಕಿದಳು. “ಮಲಗ್ಯಾವಲ್ಲೋ. ಮಲಗಿದರ ಸತ್ತಂಗ ಇಲ್ಲಿ. ಲಗೂ ಎಬ್ಬಸು.”

ಹಯಾತಿ ಸಾಹೇಬರ ಹೆಸರು ಹನುಮಂತಪ್ಪನವರು. ಕಂಡದ್ದಕ್ಕೆ ಮಾತ್ರ ಸಹಿ ಹಾಕುವ ಪ್ರಾಮಾಣಿಕ ಮನುಷ್ಯ. ಅವರು ಒಂದನೆಯ ಹುಳವನ್ನು ಮೂರು ಪ್ರಶ್ನೆ ಕೇಳಿದರು. ಹೆಸರೇನು, ತಂದೆಯ ಹೆಸರೇನು, ಬದುಕಿರುವಿರೋ? ಹುಳದ ಪರವಾಗಿ ಹೊಳೆಯಪ್ಪನವರು ಉತ್ತರ ಕೊಟ್ಟರು. “ಕೈ ಎತ್ತಲಿ,” ಅಂದರು ಸಾಹೇಬರು.

“ಮಲಗೇತ್ರಿ ಸಾಹೇಬ್ರ. ಎಬ್ಬಿಸಿದರ ಸಾಯತೈತಿ.”

“ಸತ್ತರೆ ಮುಂದಿನ ಸಲ ನೋಡೋಣ. ಈ ಸಲದ್ದು ಈಗ ಆಗಬೇಕು.”

ಸಾಹೇಬರು ಗುಂಡುಸೂಜಿಯಿಂದ ಕಾಳು ಬಿಡಿಸಿ, ಬೆಚ್ಚನೆಯ ನೀರಿನಲ್ಲಿ ಅದ್ದಿದ ಕೋಳಿಗರಿಯಿಂದ ಮುಟ್ಟಿದರು. ಹುಳ ಮೈ ಮುರಿಯಿತು. ‘ಹಯಾತಿ ಇದೆ’ ಎಂದು ಸಹಿಯಾಯಿತು. ಹೊಳೆಯಪ್ಪನವರು ಗೋಡೆಯ ಕಡೆ ತಿರುಗಿ ನಿಂತರು. ಐದು ಗಂಟೆಯ ಹೊತ್ತಿಗೆ ನೂರಾ ಅರವತ್ತು ಹುಳಗಳು ಬದುಕಿರುವುದು ಸಿದ್ಧವಾಯಿತು. ಕಚೇರಿ ಮುಚ್ಚುವ ಹೊತ್ತಾದ್ದರಿಂದ ಉಳಿದ ಐವತ್ತೆರಡಕ್ಕೆ ಒಂದರಿಂದ ಹೊಸ ನಂಬರ್ ಕೊಟ್ಟು ಮೂರು ಮೂರು ಸಲ ಕರೆದರು. ಒಂದೂ ಓಗೊಡಲಿಲ್ಲ. ಮಯತ ಎಂದು ಬರೆದರು.

ತಿಂಗಳು ಕಳೆಯುವುದರೊಳಗೆ, ಹೊಳೆಯಪ್ಪನವರು ಹೇಳಿದಂತೆಯೇ, ಬದುಕಿರುವ ನೂರಾ ಅರವತ್ತೂ ಸತ್ತವು. ಸತ್ತ ಐವತ್ತೆರಡು ಸುಖವಾಗಿ ಮಲಗಿದ್ದವು. ಹೊಳೆಯಪ್ಪನವರು ಈ ಬಗ್ಗೆ ವರದಿ ಬರೆದರು. ಪಂತರು ಓದಿ ಮುಗುಳ್ನಕ್ಕರು.

“ಬದುಕಿದ್ದಕ್ಕ ಆರು ತಿಂಗಳ ದಾಖಲೆ ಅದ. ಜುಲೈ ತನಕಾ ಅವು ಸಾಯಲಿಕ್ಕೆ ಬರೂದಿಲ್ಲ. ವರದಿ ಹರದು ಹಾಕ್ರಿ.”

“ಉಳದ ಐವತ್ತೆರಡು?”

“ಅವುಗಳದ್ದು ಸ್ವಲ್ಪ ತ್ರಾಸ ಅದ. ಮಯತರಿಗೆ ಆರು ತಿಂಗಳ ಮುದ್ದತು. ಖುದ್ದಾಗಿ ಹೋಗಬಾರದು, ಆದರ ಯಾರರೆ ಡಬ್ಬ್ಯಾಗ ಒಯ್ದರ ನಡೀತದ; ಅಷ್ಟರಾಗ ಸತ್ತಿಲ್ಲ ಅಂತ ತೋರಸಬೇಕು. ಇಲ್ಲಂದರ ಸುಡತಕ್ಕದ್ದು.”

ಫಕೀರವ್ವನ ಮುದ್ದತೂ ಮುಗಿದಿತ್ತು. ಅವಳ ಮೇಲೆ ಆ ಕಲಮು ಜಾರಿ ಮಾಡಲು ಮಾತ್ರ ಹನುಮಂತಪ್ಪನವರಿಗೆ ಮನಸ್ಸಾಗಿರಲಿಲ್ಲ. ಒಳ್ಳೆಯ ಮನುಷ್ಯ ಅಂತ ನಾನು ಸುಮ್ಮನೆ ಹೇಳುವುದಿಲ್ಲ.

ಜುಲೈಯಲ್ಲಿ ಹೊಳೆಯಪ್ಪನವರು ಗುಲಾಬಸಾಬರನ್ನೂ ಯಂತ್ರವನ್ನೂ ಕರೆದುಕೊಂಡು ಹೋದರು. ಹುಳ ಎಬ್ಬಿಸದೆ ಬದುಕಿದೆಯೆಂದು ತೋರಿಸುವುದು ಅವರ ವಿಚಾರ. ಹದಿನೇಳನೆಯ ನಂಬರಿನ ಹುಳ ಬಾಟಲಿಯಲ್ಲಿತ್ತು. ಹನುಮಂತಪ್ಪನವರು ಕನ್ನಡಕ ಒರೆಸಿ, ನಳಿಗೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಹನ್ನೊಂದು ಗಂಟೆಗೆ ಕೂತರು. ಊಟಕ್ಕೂ ಏಳಲಿಲ್ಲ. ಹೊರಗೆ ಪಾಳಿ ಹಾಗೇ ನಿಂತಿತ್ತು. ಫಕೀರವ್ವ ಬಾಗಿಲಲ್ಲಿ ಕೂತು ತಾನೂ ನೋಡುತ್ತಿದ್ದಳು. ಐದಕ್ಕೆ ಐದು ನಿಮಿಷ ಇರುವಾಗ ಹನಿ ಸಾಸಿವೆಯಷ್ಟು ಸರಿದದ್ದು ಸಾಹೇಬರಿಗೆ ಖಾತ್ರಿಯಾಯಿತು.

“ಸರಿದಿದೆ,” ಅಂದರು. “ಇದರಲ್ಲಿ ಸಂಶಯವಿಲ್ಲ.”

ಹೊಳೆಯಪ್ಪನವರ ಮುಖ ಅರಳಿತು. ಸಾಹೇಬರು ಬರೆಯುತ್ತ ಹೋದರು: “ಹುಳ ನಂಬರ್ ಹದಿನೇಳು ಚಲಿಸಿದ್ದನ್ನು ನಾವು ಕಂಡಿಲ್ಲ. ಆದ್ದರಿಂದ ಅದು ಮಯತ. ಎಣ್ಣೆಯ ಹನಿ ಚಲಿಸಿದ್ದನ್ನು ನಾವು ಖುದ್ದಾಗಿ ಕಂಡಿದ್ದೇವೆ. ಆದ್ದರಿಂದ ಹನಿ, ಬಿನ್ ಹುಳ ನಂಬರ್ ಹದಿನೇಳು, ವಾಸ ಗಾಜಿನ ನಳಿಗೆ, ಧಾರವಾಡ, ಹಯಾತಿ ಇದೆ.”

“ಹುಳ ಉಸಿರಾಡಿದ್ದಕ್ಕಽ ಹನಿ ಸರದದ್ದುರಿ!”

“ಅದು ನಿಮ್ಮ ಅಭಿಪ್ರಾಯ. ನಾನು ಅಭಿಪ್ರಾಯಕ್ಕೆ ಸಹಿ ಹಾಕುವುದಿಲ್ಲ.”

ಉಳಿದ ಐವತ್ತೊಂದು ಹುಳಗಳಿಗೆ ಒಂದೊಂದು ದಿನ ಕೂಡಲು ಸಾಹೇಬರಿಗೆ ಸಾಧ್ಯವಿರಲಿಲ್ಲ. ಅವನ್ನು ಸುಡುವುದೂ ಅವರ ಮನಸ್ಸಿಗೆ ಬರಲಿಲ್ಲ. ಎರಡು ತಾಸು ಹೆಚ್ಚು ಕೂತು ಕೋಳಿಗರಿಯಿಂದ ಒಂದೊಂದನ್ನೇ ಎಬ್ಬಿಸಿ ಬದುಕಿಸಿದರು. ಶ್ರಾವಣದೊಳಗೆ ಅವೂ ಹೋದವು.

ಉಳಿದದ್ದು ಹದಿನೇಳು ಒಂದೇ. ಅದೂ ಕಾಗದದಲ್ಲಿ ಸತ್ತದ್ದು, ಸುಡತಕ್ಕದ್ದು. ಅದನ್ನು ಉಳಿಸಿದವರು ಮತ್ತೆ ಪಂತರೇ. “ಹುಳ ಅನ್ನೂದು ಈಗ ಹನಿಯ ಮನಿ,” ಎಂದು ಟಿಪ್ಪಣಿ ಬರೆದರು. “ಹಯಾತಿ ಇದ್ದ ಪಿಂಚಣಿದಾರನ ಮನಿ ಕೆಡವಲಿಕ್ಕೆ ಯಾವ ಕಲಮಿನಾಗೂ ಅವಕಾಶ ಇಲ್ಲ.” ಮುಂದಿನ ಜನೇವರಿಗೆ ಹನಿ ಅಶಕ್ತ, ಪ್ರಯಾಣ ಮಾಡಲಾರದು ಎಂದು ಇನ್ನೊಂದು ಕಾಗದ ಕಳಿಸಿದರು. ಹನುಮಂತಪ್ಪನವರೇ ಧಾರವಾಡಕ್ಕೆ ಬಂದು, ಹನ್ನೊಂದರಿಂದ ಐದರವರೆಗೆ ಹನಿಯ ಮುಂದೆ ಕೂತು, ಸಹಿ ಹಾಕಿ ಹೋದರು. ಅವತ್ತು ಗುರುವಾರ. ಭಜನೆಗೂ ದನಿಗೂಡಿಸಿದರು.

ಹೊಳೆಯಪ್ಪನವರು ಆಗ ಮನೆಗೆ ಹೋಗುತ್ತಿದ್ದದ್ದು ಉಣ್ಣಲಿಕ್ಕೆ ಮಾತ್ರ. ಇನ್ನೂರಾ ಹನ್ನೊಂದು ಹೋಗಿ ಒಂದು ಉಳಿದರೆ ಮನುಷ್ಯನಿಗೆ ಏನಾಗುತ್ತದೋ ಅದೇ ಅವರಿಗೂ ಆಗಿತ್ತು. ಬಾಗಿಲು ಜೋರಾಗಿ ಹಾಕಿದರೆ ಬೈಯುತ್ತಿದ್ದರು. ನಾನು ಶಿಕ್ಕೆ ಹೊಡೆಯುವುದನ್ನು ಅಂಗಳದಲ್ಲಿ ಕೂತು ಹೊಡೆಯುತ್ತಿದ್ದೆ. ದಿನಕ್ಕೆ ಎರಡು ಸಲ ಹನಿ ಎಲ್ಲಿದೆ ಎಂದು ವಹಿಯಲ್ಲಿ ಬರೆಯುತ್ತಿದ್ದರು. ಮೂರನೆಯ ಬ್ಯಾಸಗಿಯ ಕಡೆಯ ವಾರದಲ್ಲಿ ಹನಿ ಸಾಸಿವೆಯಷ್ಟೂ ಸರಿಯದೆ ನಿಂತಾಗ ಅವರು ನೀರು ಕುಡಿಯುವುದನ್ನೂ ಬಿಟ್ಟರು.

೧೯೩೫ರ ಜೂನ್ ಹನ್ನೆರಡಕ್ಕೆ ಧಾರವಾಡಕ್ಕೆ ಮಳೆ ಬಂತು. ಹೊಳೆಯಪ್ಪನವರು ತಾವೇ ಬಿರಡೆ ತೆಗೆದು ಮಳೆಗಾಳಿ ತೋರಿಸಿ ಮತ್ತೆ ಮುಚ್ಚಿದರು. ಎರಡು ದಿನ ಏನೂ ಇಲ್ಲ. ಮೂರನೆಯ ದಿನ ಹನಿ ಹೊರಟಿತು. ಸಾಸಿವೆಯಷ್ಟಲ್ಲ, ಬೆರಳುದ್ದ. ಹದಿನೈದು ದಿನದ ಮೇಲೆ ಒಂದು ಬೆಳಿಗ್ಗೆ ಬಾಟಲಿಯೊಳಗೆ ಬೂದು ಬಣ್ಣದ ಸಣ್ಣ ಪತಂಗ ಕೂತಿತ್ತು.

“ಎದ್ದೈತಿ, ಕಮರುದ್ದೀನ,” ಅಂದರು. “ಮೂರು ಬ್ಯಾಸಗಿ ಕೆಂಡ ಹಿಡಕೊಂಡು ಕೂತಿತ್ತು. ಎದ್ದೈತಿ.”

ಬಿರಡೆ ತೆಗೆದರು. ಪತಂಗ ಪಂತರ ಮೇಜು ದಾಟಿ, ನನ್ನ ಆವಕ ವಹಿಯ ಮೇಲೆ ಒಂದು ಗಳಿಗೆ ಕೂತು, ಕಿಡಕಿಯಿಂದ ಹೋಯಿತು. ಹೊಳೆಯಪ್ಪನವರು ಸಣ್ಣ ಮಗುವಿನ ಹಾಗೆ ಅತ್ತರು. ನನಗೂ ಕಣ್ಣು ತುಂಬಿದವು, ಸುಳ್ಳು ಯಾಕೆ ಹೇಳಲಿ. ಒಂಬತ್ತು ವರ್ಷದ ಪ್ರಶ್ನೆಗೆ ಉತ್ತರ ಆ ವಹಿಯಲ್ಲಿತ್ತು.

ವಾರದಲ್ಲಿ ಅವರು ಪ್ರಬಂಧ ಬರೆದು ಮುಗಿಸಿದರು. ವಿಲಾಯತಿಯ ಒಂದು ವಿದ್ವತ್ ಮಂಡಳಿಗೆ ಕಳಿಸಬೇಕು. ತಲೆಬರಹ: ‘ನಿದ್ರಿತ ಹುಳದ ಉಸಿರಾಟ’. ನಾನು ಜಾವಕ ನಂಬರ್ ಹಾಕಲು ಪೆನ್ನು ಎತ್ತಿದ್ದೆ. ಪಂತರು ಕೈ ಹಿಡಿದರು.

“ಇದರಾಗ ಹುಳ ನಂಬರ್ ಹದಿನೇಳು ಹೋದ ಜುಲೈದಿಂದ ಈ ಜೂನ್ ತನಕಾ, ಹನ್ನೊಂದು ತಿಂಗಳು ಉಸಿರಾಡಿತು ಅಂತ ಬರದೀರಿ.”

“ಹೌದ್ರಿ.”

“ಆ ಹುಳ ಹೋದ ಜುಲೈದಾಗ ಮಯತ ಆಗೇದ. ಸಾಹೇಬರ ಸಹಿ ಅದ. ಸತ್ತದ್ದನ್ನ ನಿದ್ರಿತ ಅಂತ ಬರದು ಕಚೇರಿ ಶಿಕ್ಕಾದ ಮ್ಯಾಲ ಹ್ಯಾಂಗ ಕಳಸೂದು?”

“ಹಂಗಾದರ ಬದುಕೇತಿ ಅಂತ ತಿದ್ದಸ್ರಿ.”

“ಹುಳ ಹಾಜರಿದ್ದು ಚಲಿಸಬೇಕಲ್ಲ. ಎಲ್ಲಿ ಅದ ಹುಳ?”

ಹೊಳೆಯಪ್ಪನವರು ಕಿಡಕಿಯ ಕಡೆ ನೋಡಿದರು. ಅಲ್ಲಿಂದ ಹೋದದ್ದು ಪತಂಗ. ಪತಂಗದ ಹೆಸರಿನಲ್ಲಿ ನಮ್ಮ ಕಡತದಲ್ಲಿ ಏನೂ ಇರಲಿಲ್ಲ.

ಪಂತರು ಬಹಳ ಹೊತ್ತು ಯೋಚಿಸಿದರು. ಅವರಿಗೂ ಆ ಪ್ರಬಂಧ ಹೋಗಬೇಕೆಂದೇ ಇತ್ತು. ಕಡೆಗೆ ಕೆಂಪು ಶಾಯಿಯಲ್ಲಿ ಒಂದೇ ಶಬ್ದ ಹೊಡೆದುಹಾಕಿ ಮೇಲೆ ಇನ್ನೊಂದು ಬರೆದರು: ‘ಮಯತ ಹುಳದ ಉಸಿರಾಟ’. “ಇದೊಂದು ಒಪ್ಪಿಕೊಂಡರ ಉಳದದ್ದು ಒಂದಕ್ಷರನೂ ಮುಟ್ಟೂದಿಲ್ಲ,” ಅಂದರು.

ಹೊಳೆಯಪ್ಪನವರು ಮೂರು ದಿನ ಕಚೇರಿಗೆ ಬರಲಿಲ್ಲ. ನಾಲ್ಕನೆಯ ದಿನ ಗುಲಾಬಸಾಬರೇ ಅವರನ್ನು ಕರೆದುಕೊಂಡು ಬಂದರು.

“ಪೆಟಿಗಿ ಮ್ಯಾಲ ಯಾರ ಹೆಸರು ಬರದರೇನ್ರಿ ಸಾಹೇಬ್ರ,” ಅನ್ನುತ್ತಿದ್ದರು. “ಒಳಗಿನ ಸುರ ಖರೇ ಇದ್ದರ ಸಾಕು. ಕೇಳಾಂವ ಕೇಳತಾನ.”

ಹೊಳೆಯಪ್ಪನವರು ಸಹಿ ಹಾಕಿದರು. ನಾನು ನಂಬರ್ ಹಾಕಿದೆ. ನಿಯಮದಂತೆ ಒಂದು ಪ್ರತಿ ಹಯಾತಿ ಕಚೇರಿಗೂ ಹೋಯಿತು. ಹನುಮಂತಪ್ಪನವರು ಓದಿ, ತಮ್ಮ ದಾಖಲೆಗೆ ಸರಿಹೊಂದುತ್ತದೆ, ಅಡ್ಡಿಯಿಲ್ಲ ಎಂದು ‘ಹರಕತ್ತಿಲ್ಲ’ ಬರೆದು ಕಳಿಸಿದರು.

ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಗುಲಾಬಸಾಬರು ಶಿರಗುಪ್ಪಿಗೆ ಹಾರ್ಮೋನಿಯಂ ದುರಸ್ತಿಗೆ ಹೋದವರು ಈ ಸುದ್ದಿಯನ್ನು ಫಕೀರವ್ವನ ಕಟ್ಟೆಯ ಮೇಲೆ ಕೂತು ಹೇಳಿದ್ದರು. ಆ ಜುಲೈಯಲ್ಲಿ ಫಕೀರವ್ವ ಪಾಳಿ ಹಚ್ಚಿ ಸಾಹೇಬರ ಮುಂದೆ ನಿಂತಳು. ಹನಿಯ ಕಾಗದ ಒಯ್ದ ನಾನು ಅಲ್ಲೇ ಇದ್ದೆ.

“ಮಯತರು ಖುದ್ದಾಗಿ ಬರಬಾರದು ಅಂತ ನಿಮಗೆ ಎಷ್ಟು ಸಲ ಹೇಳಿದ್ದೇನೆ?” ಅಂದರು ಸಾಹೇಬರು.

“ನಾ ಬದುಕೀನಿ ಅಂತ ಹೇಳಾಕ ಬಂದಿಲ್ಲೋ ಯಪ್ಪಾ. ಸತ್ತೇನಿ. ಒಪ್ಪೇನಿ. ಸತ್ತ ಹುಳ ಹನ್ನೊಂದು ತಿಂಗಳ ಉಸಿರಾಡಿತು ಅಂತ ನೀನಽ ಸಹಿ ಮಾಡಿಯಂತಲ್ಲ. ಸತ್ತ ಹುಳ ಉಸಿರಾಡಬೌದು ಅಂದಮ್ಯಾಲ ಸತ್ತ ಫಕೀರವ್ವ ಎರಡು ರೊಟ್ಟಿ ತಿಂದರ ತಪ್ಪೇನು?”

ಹನುಮಂತಪ್ಪನವರು ಕಡತ ತರಿಸಿದರು. ಸಹಿ ಅವರದ್ದೇ. ಪ್ರಾಮಾಣಿಕ ಮನುಷ್ಯ ಎಂದು ಹೇಳಿದೆನಲ್ಲ. ಅರ್ಧ ತಾಸು ಕಣ್ಣು ಮುಚ್ಚಿ ಕೂತರು. ಆಮೇಲೆ ವಹಿಯಲ್ಲಿ ‘ಹಯಾತಿ’ ಮತ್ತು ‘ಮಯತ’ ಎಂಬ ಎರಡು ಅಂಕಣಗಳ ಪಕ್ಕದಲ್ಲಿ ಪಟ್ಟಿ ಇಟ್ಟು ಗೆರೆ ಎಳೆದು ಮೂರನೆಯದನ್ನು ತೆರೆದರು: ‘ಮಯತ, ಉಸಿರಾಟ ಇದೆ’. ಮೊದಲನೆಯ ಹೆಸರು ಫಕೀರವ್ವ ಕೋಂ ಗುಡ್ಡಪ್ಪ. ಉಸಿರಾಟ ಇರುವುದರಿಂದ ಪಿಂಚಣಿ ಪಾವತಿಸತಕ್ಕದ್ದು. ಮಯತ ಆಗಿರುವುದರಿಂದ ಇನ್ನು ಮುಂದೆ ಖುದ್ದಾಗಿ ಹಾಜರಾಗತಕ್ಕದ್ದಲ್ಲ.

ಈ ಕೊನೆಯ ವಾಕ್ಯ ಪಾಳಿಯಲ್ಲಿ ನಿಂತವರ ಕಿವಿಗೆ ಬಿತ್ತು. ಫಕೀರವ್ವನ ಹಿಂದೆ ಇದ್ದವರು ನಿವೃತ್ತ ಸಾಲಿ ಮಾಸ್ತರು, ಮೊಣಕಾಲು ನೋವಿನವರು. ಮುಂದೆ ಬಂದು, “ಸಾಹೇಬ್ರ, ನನ್ನನ್ನೂ ಸಾಯಿಸಿಬಿಡ್ರಿ,” ಅಂದರು. ಅವರ ಹಿಂದಿನವರು, “ನಮ್ಮದು ಮದಲು, ನಮಗ ಟಾಂಗಾ ನಿಂತೈತಿ,” ಅಂದರು. ಐದು ಗಂಟೆಯ ಹೊತ್ತಿಗೆ ಅರವತ್ತಮೂರು ಮಂದಿ ನಗುನಗುತ್ತ ಮಯತರಾಗಿ ಮನೆಗೆ ಹೋದರು. ಮುಂದಿನ ಜನೇವರಿಯ ಹೊತ್ತಿಗೆ ಹುಬ್ಬಳ್ಳಿ ಧಾರವಾಡದಲ್ಲಿ ಹಯಾತಿ ಇರುವ ಪಿಂಚಣಿದಾರ ಒಬ್ಬನೇ ಉಳಿದ. ಎಣ್ಣೆಯ ಹನಿ.

ಅದರ ಸಲುವಾಗಿ ಹಯಾತಿ ಕಚೇರಿ ಇಂದಿಗೂ ತೆರೆದಿದೆ. ಅದರ ಮನೆ ನಮ್ಮಲ್ಲಿ ಇರುವುದರಿಂದ ಹುಳದ ಆಫೀಸೂ ತೆರೆದಿದೆ. ಒಳಗೆ ಹುಳ ಇಲ್ಲ. ವರ್ಷಕ್ಕೆ ಎರಡು ಸಲ ಗುಲಾಬಸಾಬರು ಬಂದು ಬಾಟಲಿಗೆ ಅಂಗೈ ಹಚ್ಚುತ್ತಾರೆ. ಕೈಯ ಕಾವಿಗೆ ಹನಿ ಹೊರಗಡೆ ಓಡುತ್ತದೆ. ಸಾಹೇಬರು ಸಹಿ ಹಾಕುತ್ತಾರೆ.

ಪ್ರಬಂಧ ವಿಲಾಯತಿಯಲ್ಲಿ ಅಚ್ಚಾಯಿತು. ಅಲ್ಲಿಯ ಒಬ್ಬ ಪಂಡಿತರು ಕಾಗದ ಬರೆದರು: ಅಂಕಿಗಳು ಬಹಳ ಉತ್ತಮವಾಗಿವೆ, ಆದರೆ ಹುಳ ಸತ್ತಿತ್ತೆಂದು ತಮಗೆ ಹೇಗೆ ಗೊತ್ತಾಯಿತು? ಪಂತರು ಹನುಮಂತಪ್ಪನವರ ದಾಖಲೆಯ ನಕಲು ಲಗತ್ತಿಸಿ ಉತ್ತರ ಕಳಿಸಿದರು. ಪಂಡಿತರಿಂದ ಮರುಕಾಗದ ಬಂತು. ತಮ್ಮ ದೇಶದಲ್ಲಿ ಹುಳಗಳಿಗೆ ಇಂಥ ದಾಖಲೆ ಕೊಡುವ ವ್ಯವಸ್ಥೆ ಇಲ್ಲ, ಹೀಗಾಗಿ ತಮ್ಮ ಇಪ್ಪತ್ತು ವರ್ಷದ ಕೆಲಸದ ಬಗ್ಗೆ ಈಗ ತಮಗೇ ಸಂಶಯ ಬಂದಿದೆ ಎಂದು ಬರೆದಿದ್ದರು. ಅದಕ್ಕೂ ಆವಕ ನಂಬರ್ ಹಾಕಿದೆ.

ಹೊಳೆಯಪ್ಪನವರು ೧೯೪೬ರಲ್ಲಿ ನಿವೃತ್ತರಾದರು. ಮಯತರಾಗಲು ಅವರ ಅರ್ಜಿಯನ್ನು ನಾನೇ ತುಂಬಿಕೊಟ್ಟೆ. ಈಗ ಗೋಪನಕೊಪ್ಪದಲ್ಲಿ ನಮ್ಮ ಓಣಿಯಲ್ಲೇ ಮನೆ. ಮೊನ್ನೆ ಸಂಜೆ ಹೋದಾಗ ಕಟ್ಟೆಯ ಮೇಲೆ ಕೂತಿದ್ದರು. ತೊಡೆಯ ಮೇಲೆ ಆ ಹಳೆಯ ವಹಿ.

“ಹ್ಯಾಂಗಿದ್ದೀರಿ ಸಾಹೇಬ್ರ?”

“ಕಾಗದದಾಗ ಸತ್ತೇನಿ. ಉಸಿರಾಟ ಐತಿ.” ವಹಿಯ ಒಂದು ಪುಟ ತೆರೆದು ತೋರಿಸಿದರು. ಮೂರನೆಯ ಬ್ಯಾಸಗಿ, ಕಡೆಯ ವಾರ. “ನೋಡಿಲ್ಲಿ. ಏಳು ದಿನ ಹನಿ ಕೂದಲೆಳಿಯಷ್ಟು ಸುದ್ದಾ ಅಲುಗಾಡಿಲ್ಲ. ನಾನೂ ಆಗ ಸತ್ತೈತಿ ಅಂತಽ ತಿಳದಿದ್ದೆ, ಕಮರುದ್ದೀನ. ಯಾರ ಮುಂದೂ ಹೇಳಿಲ್ಲ. ಆ ಏಳು ದಿನ ನಾನೂ ಹನುಮಂತಪ್ಪನವರೂ ಒಂದಽ ಆಗಿದ್ವಿ.”

ಒಳಗಿನಿಂದ ಚಹಾ ಬಂತು, ಕುಡಿದೆವು.

ಹೋದ ವರ್ಷ ನಾನೂ ನಿವೃತ್ತನಾದೆ. ಮೇಲೆ ಬರೆದದ್ದೆಲ್ಲ ನಿಜವೆಂದು ಸಹಿ ಮಾಡಿರುವೆ: ಕಮರುದ್ದೀನ, ಮಾಜಿ ಆವಕ ಜಾವಕ ಕಾರಕೂನ, ಮಯತ, ಉಸಿರಾಟ ಇದೆ.